ಮೂರು ಅಡಿ ಟ್ಯಾಂಕಿನಲ್ಲಿ ಕೂದಲು ಪಾಚಿ, ಎಲೆಯಂಚಿಗೆ ಕಪ್ಪು ಗಡ್ಡ: ದಾರಿ ತೋರಿಸಿ

ಗುಮ್ಮಟದೂರಿನವಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನನ್ನದು ಗಿಡ ಹಚ್ಚಿದ ಟ್ಯಾಂಕ್. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಳೆದ ದೀಪಾವಳಿಗೆ ತಂದದ್ದು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಅತ್ತೆಯವರು ಹೊರಗೆ ಓಡಾಡುವುದು ನಿಂತಿತು. ದಿನವಿಡೀ ಗೋಡೆ ನೋಡುತ್ತ ಕೂರುವುದು ಬೇಡವೆಂದು ಅವರ ಮಂಚದ ಎದುರಿಗೇ ಇಟ್ಟೆವು. ಗಿಡಗಳು: ವ್ಯಾಲಿಸ್ನೇರಿಯಾ, ಆನುಬಿಯಾಸ್, ಜಾವಾ ಫರ್ನ್, ಸ್ವಲ್ಪ ಹೈಗ್ರೋಫಿಲಾ. ಮೀನುಗಳು: ಎಂಟು ಮೋಲಿ, ಒಂದು ಜೋಡಿ ಗೌರಾಮಿ, ಗಪ್ಪಿ ಇಪ್ಪತ್ತಕ್ಕೂ ಹೆಚ್ಚು.

ಮೊದಲ ಮೂರು ತಿಂಗಳು ನೀರು ಸ್ಫಟಿಕದಂತಿತ್ತು. ಫೆಬ್ರುವರಿಯಲ್ಲಿ ಗಿಡಗಳು ಚೆನ್ನಾಗಿ ಬೆಳೆಯಲೆಂದು ದೊಡ್ಡ ಎಲ್‌ಇಡಿ ದೀಪ ಹಾಕಿಸಿದೆ. ಈಗ ಮೇ. ವ್ಯಾಲಿಸ್ನೇರಿಯಾದ ಒಂದೊಂದು ಎಲೆಗೂ ಒದ್ದೆ ಉಣ್ಣೆಯಂತೆ ಹಸಿರು ಕೂದಲು ಅಂಟಿಕೊಂಡಿದೆ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಎಳೆದರೆ ಒಂದು ಮುಷ್ಟಿ ಬರುತ್ತದೆ, ನಾಲ್ಕನೆಯ ದಿನಕ್ಕೆ ಮತ್ತೆ ಅಷ್ಟೇ. ಆನುಬಿಯಾಸ್ ಎಲೆಗಳ ಅಂಚಿಗೆ ಕಪ್ಪು ಕುಚ್ಚು ಕಟ್ಟಿದೆ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಅಂಗಡಿಯವರು ಪಾಚಿಗೆಂದು ಒಂದು ಬಾಟಲಿ ಔಷಧ ಕೊಟ್ಟರು. ಹಾಕಿದ ಮರುದಿನ ಎರಡು ಮೋಲಿ ಸತ್ತವು, ಪಾಚಿ ಹಾಗೆಯೇ ಇದೆ. ಅತ್ತೆಯವರು ಅಂದು ಊಟ ಮಾಡಲಿಲ್ಲ. ಇನ್ನೊಮ್ಮೆ ಔಷಧ ಹಾಕಲು ನನಗೆ ಧೈರ್ಯವಿಲ್ಲ. ಬಲ್ಲವರು ದಾರಿ ಹೇಳಿ.

ಘಟಪ್ರಭಾ ಹುಡುಗ (ಗೋಕಾಕ)

ಅಕ್ಕಾ, ಎಲ್ಲ ತೆಗೆದುಬಿಡಿ. ಗಿಡ ಎಸೆಯಿರಿ, ಮರಳು ಬಿಸಿಲಿಗೆ ಒಣಗಿಸಿ, ಹೊಸದಾಗಿ ಶುರು ಮಾಡಿ. ನಾನು ಎರಡು ಸಲ ಹಾಗೆಯೇ ಮಾಡಿದ್ದೇನೆ.

ಮಾರ್ಕಂಡೇಯ ತೀರ (ಬೆಳಗಾವಿ)

ಎರಡು ಸಲ ಮಾಡಬೇಕಾಯಿತು ಎಂದರೆ ಮೊದಲ ಸಲ ಕಾರಣ ಸಿಗಲಿಲ್ಲ ಎಂದೇ ಅರ್ಥ, ತಮ್ಮಾ. ಆರು ತಿಂಗಳ ಟ್ಯಾಂಕ್ ಕಿತ್ತುಹಾಕಿದರೆ ಮೀನಿನ ಹೊಲಸಿನ ಅಮೋನಿಯಾವನ್ನು ಅರಗಿಸುವ, ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾವೂ ಹೋಗುತ್ತದೆ. ಮತ್ತೆ ಅಮೋನಿಯಾ ಏರುತ್ತದೆ, ಪಾಚಿಗೆ ಹಬ್ಬವಾಗುತ್ತದೆ.

ಅಕ್ಕಾವರೇ, ಔಷಧದ ಮಾತು ಆಮೇಲೆ. ಮೊದಲು ಇಷ್ಟು ಹೇಳಿ. ದೀಪ ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ? ಕಿಟಕಿಯ ಬಿಸಿಲು ಟ್ಯಾಂಕಿನ ಮೇಲೆ ಬೀಳುತ್ತದೆಯೇ? ನೀರು ಬೋರ್‌ವೆಲ್ಲಿನದೋ ನಲ್ಲಿಯದೋ? ವಾರಕ್ಕೆ ಎಷ್ಟು ನೀರು ಬದಲಿಸುತ್ತೀರಿ? ಕಾರ್ಬನ್ ಡೈಆಕ್ಸೈಡ್ ಕೊಡುತ್ತೀರಾ? ಒಳಗೆ ಯಾವ ಕಲ್ಲು ಇದೆ? ಮೀನಿಗೆ ಏನು ಹಾಕುತ್ತೀರಿ, ಎಷ್ಟು ಹಾಕುತ್ತೀರಿ?

ದ್ರಾಕ್ಷಿ ಚಪ್ಪರ (ತಿಕೋಟಾ)

ನಮ್ಮ ತೋಟದ ನೀರಿನ ತೊಟ್ಟಿ ಹಸಿರುಗಟ್ಟಿದರೆ ಸ್ವಲ್ಪ ಮೈಲುತುತ್ತ ಹಾಕುತ್ತೇವೆ. ಎರಡು ದಿನಕ್ಕೆ ಪಾಚಿ ಸತ್ತು ತಳಕ್ಕೆ ಇಳಿಯುತ್ತದೆ. ನಿಮ್ಮ ಟ್ಯಾಂಕಿಗೆ ಒಂದು ಚಿಟಿಕೆ ಸಾಕು.

ರಸಾಯನ ಮೇಷ್ಟ್ರು (ಜಮಖಂಡಿ)

ದಯವಿಟ್ಟು ಹಾಕಬೇಡಿ! ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ತೋಟದ ತೊಟ್ಟಿಯಲ್ಲಿ ಮೀನಿಲ್ಲ, ಅಲ್ಲಿ ನಡೆಯುತ್ತದೆ. ತಾಮ್ರ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಸಿಗಡಿ, ಶಂಖದ ಹುಳುಗಳಂತೂ ಮೀನಿಗಿಂತ ಬಹಳ ಮೊದಲೇ ಸಾಯುತ್ತವೆ. ಎಷ್ಟು ಹಾಕಿದರೆ ವಿಷವಾಗುತ್ತದೆ ಎಂಬುದು ನೀರಿನ ಗಡಸುತನದ ಮೇಲೆ ನಿಂತಿದೆ, ಚಿಟಿಕೆಯ ಲೆಕ್ಕದಲ್ಲಿ ಅಳೆಯುವ ವಸ್ತುವಲ್ಲ ಅದು. ಮರಳಿನಲ್ಲಿಯೂ ಉಳಿದುಕೊಳ್ಳುತ್ತದೆ. ಇನ್ನೊಂದು ಮಾತು: ಒಂದೇ ಸಲ ಅಷ್ಟೂ ಪಾಚಿ ಸತ್ತರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಅಂಗಡಿಯ ಔಷಧ ಹಾಕಿದ ಮರುದಿನ ಮೋಲಿ ಸತ್ತದ್ದು ಇದರಿಂದಲೂ ಇರಬಹುದು.

ದ್ರಾಕ್ಷಿ ಚಪ್ಪರ (ತಿಕೋಟಾ)

ಸರಿ ಮೇಷ್ಟ್ರೇ, ಒಪ್ಪಿದೆ. ಮೀನಿನ ವಿಷಯ ನನ್ನ ತಲೆಗೆ ಬರಲಿಲ್ಲ. ತಾಯೀ, ನನ್ನ ಮಾತು ಬಿಟ್ಟುಬಿಡಿ.

ಗುಮ್ಮಟದೂರಿನವಳು (ವಿಜಯಪುರ)

ಮಾರ್ಕಂಡೇಯ ಸರ್, ಒಂದೊಂದಾಗಿ ಹೇಳುತ್ತೇನೆ. ಅತ್ತೆಯವರು ಬೆಳಿಗ್ಗೆ ಆರಕ್ಕೆ ಎದ್ದೊಡನೆ ದೀಪ ಹಚ್ಚಬೇಕು, ರಾತ್ರಿ ಹತ್ತಕ್ಕೆ ಮಲಗುವಾಗ ಆರಿಸುತ್ತೇವೆ. ಕಿಟಕಿ ಪೂರ್ವಕ್ಕಿದೆ, ಎಂಟರವರೆಗೆ ಬಿಸಿಲು ಗಾಜಿಗೆ ತಾಗುತ್ತದೆ. ಬೋರ್‌ವೆಲ್ ನೀರು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಲೀಟರಿಗೆ 1100 ಮಿಲಿಗ್ರಾಂ ತೋರಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಕೊಡ ನೀರು ಬದಲಿಸುತ್ತೇನೆ. ಬಿಸಿಲಿಗೆ ನೀರು ಇಂಗುತ್ತದಲ್ಲ, ದಿನ ಬಿಟ್ಟು ದಿನ ಅದೇ ಬೋರ್ ನೀರು ಸುರಿದು ತುಂಬಿಸುತ್ತೇನೆ. ತಮ್ಮ ಹೇಳಿಕೊಟ್ಟಂತೆ ಎರಡು ಲೀಟರ್ ಬಾಟಲಿಯಲ್ಲಿ ಸಕ್ಕರೆ ಮತ್ತು ಯೀಸ್ಟ್ ಹಾಕಿ ಕೊಳವೆಯಿಂದ ಗ್ಯಾಸ್ ಬಿಟ್ಟಿದ್ದೇನೆ. ಕಲ್ಲುಗಳು ಕಲಾದಗಿ ಕಡೆಯಿಂದ ತಂದವು, ಬೂದುಬಣ್ಣ. ಮೀನಿಗೆ ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಕಾಳಿನ ಆಹಾರ, ಅಷ್ಟೇ.

ಮಾರ್ಕಂಡೇಯ ತೀರ (ಬೆಳಗಾವಿ)

ಹದಿನಾರು ಗಂಟೆ! ಅಕ್ಕಾವರೇ, ಕಾಯಿಲೆಯ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ಬೆಳಕು ಹೆಚ್ಚಾದಷ್ಟು ಗಿಡದ ಹಸಿವೂ ಹೆಚ್ಚು. ಆ ಹಸಿವಿಗೆ ತಕ್ಕಷ್ಟು ಕಾರ್ಬನ್ ಡೈಆಕ್ಸೈಡ್, ನೈಟ್ರೇಟ್, ಫಾಸ್ಫೇಟ್, ಪೊಟ್ಯಾಸಿಯಂ, ಕಬ್ಬಿಣ ಸಿಗದಿದ್ದರೆ ಗಿಡ ಸೊರಗುತ್ತದೆ, ಹಳೆಯ ಎಲೆ ಕೊಳೆಯಲು ಹತ್ತುತ್ತದೆ. ಪಾಚಿಗೆ ಬೇಕಾದದ್ದು ಆ ಕೊಳೆಯುವ ಎಲೆಯೇ. ನಿಮ್ಮಲ್ಲಿರುವ ಆನುಬಿಯಾಸ್ ಮತ್ತು ಜಾವಾ ಫರ್ನ್ ನೆರಳಿನ ಗಿಡಗಳು, ತಿಂಗಳಿಗೆ ಒಂದೆರಡು ಎಲೆ ಬಿಟ್ಟರೆ ಹೆಚ್ಚು. ಅವುಗಳ ಮೇಲೆ ಹದಿನಾರು ಗಂಟೆ ಬೆಳಕು ಚೆಲ್ಲಿದರೆ ಎಲೆ ಪಾಚಿ ಬೆಳೆಯುವ ಹಲಗೆಯಾಗುತ್ತದೆ.

ಇನ್ನು ಕಪ್ಪು ಗಡ್ಡ. ಕಪ್ಪಾಗಿ ಕಂಡರೂ ಅದು ಕೆಂಪು ಪಾಚಿಯ ವರ್ಗಕ್ಕೆ ಸೇರಿದ್ದು, ಸತ್ತಾಗ ಗುಲಾಬಿಗೆ ತಿರುಗುವುದನ್ನು ನೀವೇ ನೋಡುತ್ತೀರಿ. ಕಾರ್ಬನ್ ಡೈಆಕ್ಸೈಡ್ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗುತ್ತಿರುವ ಟ್ಯಾಂಕುಗಳಲ್ಲಿ ಇದು ಬೇರೂರುವುದನ್ನು ಹನ್ನೆರಡು ವರ್ಷಗಳಿಂದ ನೋಡುತ್ತಿದ್ದೇನೆ. ಯೀಸ್ಟ್ ಬಾಟಲಿ ಮೇ ತಿಂಗಳ ಸೆಕೆಗೆ ಮೊದಲ ನಾಲ್ಕು ದಿನ ಭರಭರನೆ ಗುಳ್ಳೆ ಬಿಡುತ್ತದೆ, ಎಂಟನೆಯ ದಿನಕ್ಕೆ ಸುಮ್ಮನಾಗುತ್ತದೆ. ರಾತ್ರಿ ದೀಪವಿಲ್ಲದಾಗಲೂ ಗ್ಯಾಸ್ ಬರುತ್ತಲೇ ಇರುತ್ತದೆ. ಬೆಳಿಗ್ಗೆ ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದ್ದರೆ ಇದೂ ಒಂದು ಕಾರಣ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೊಳ್ಳುವ ಯೋಚನೆ ಇಲ್ಲದಿದ್ದರೆ ಬಾಟಲಿ ತೆಗೆದಿಡಿ. ನಿಮ್ಮ ಗಿಡಗಳಿಗೆ ಅದರ ಅವಶ್ಯಕತೆಯೇ ಇಲ್ಲ.

ಈಗ ಮಾಡಬೇಕಾದದ್ದು: ದೀಪ ದಿನಕ್ಕೆ ಆರು ಗಂಟೆ ಮಾತ್ರ. ಕಿಟಕಿಗೆ ದಪ್ಪ ಪರದೆ. ಕೂದಲು ಪಾಚಿಯನ್ನು ಬ್ರಷ್‌ಗೆ ಸುತ್ತಿ ತೆಗೆಯುವುದನ್ನು ಬಿಡಬೇಡಿ, ದಿನ ಬಿಟ್ಟು ದಿನ ತೆಗೆಯಿರಿ. ಗಡ್ಡ ಹಿಡಿದ ಹಳೆಯ ಎಲೆಗಳನ್ನು ಬುಡಕ್ಕೆ ಕತ್ತರಿಸಿ. ವಾರಕ್ಕೊಮ್ಮೆ ಶೇಕಡ 40ರಷ್ಟು ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲಿಯೇ ಹಿಂಡಿ. ಆರು ವಾರ ತಾಳ್ಮೆ ಬೇಕು.

ಘಟಪ್ರಭಾ ಹುಡುಗ (ಗೋಕಾಕ)

ನಾನು ಒಪ್ಪುವುದಿಲ್ಲ ಸರ್. ನನ್ನ ಗೆಳೆಯನ ಟ್ಯಾಂಕಿನಲ್ಲಿ ಹತ್ತು ಗಂಟೆ ದೀಪ ಉರಿಯುತ್ತದೆ, ಪಾಚಿಯ ಸುಳಿವಿಲ್ಲ. ಬೆಳಕೇ ಕಾರಣವಾದರೆ ಅವನಿಗೂ ಬರಬೇಕಿತ್ತಲ್ಲ?

ಮಾರ್ಕಂಡೇಯ ತೀರ (ಬೆಳಗಾವಿ)

ನಿನ್ನ ಗೆಳೆಯನ ಟ್ಯಾಂಕಿನಲ್ಲಿ ತಳದ ಮರಳು ಕಾಣುತ್ತದೆಯೇ? ಸಿಲಿಂಡರ್ ಇದೆಯೇ?

ಘಟಪ್ರಭಾ ಹುಡುಗ (ಗೋಕಾಕ)

ಸಿಲಿಂಡರ್ ಇದೆ. ಗಿಡ ಒತ್ತೊತ್ತಾಗಿದೆ, ಮರಳು ಕಾಣುವುದಿಲ್ಲ.

ಮಾರ್ಕಂಡೇಯ ತೀರ (ಬೆಳಗಾವಿ)

ಹಾಗಾದರೆ ಅವನ ಬೆಳಕನ್ನು ಉಣ್ಣುವವರು ಬಹಳ ಜನ ಇದ್ದಾರೆ. ಅಕ್ಕನ ಟ್ಯಾಂಕಿನಲ್ಲಿ ಉಣ್ಣುವವರು ಕಡಿಮೆ, ಬಡಿಸುವುದು ಹೆಚ್ಚು.

ಇಳಕಲ್ ಕೆಂಪು (ಇಳಕಲ್)

ಯಾರೂ ಕಲ್ಲಿನ ಬಗ್ಗೆ ಮಾತನಾಡುತ್ತಿಲ್ಲ! ಕಲಾದಗಿ ಕಡೆಯ ಬೂದುಗಲ್ಲು ಎಂದರೆ ಬಹುತೇಕ ಸುಣ್ಣದ ಕಲ್ಲೇ. ಬಾಗಲಕೋಟೆ ಸುತ್ತ ಸಿಮೆಂಟ್ ಕಾರ್ಖಾನೆಗಳು ಸುಮ್ಮನೆ ಬಂದಿಲ್ಲ. ಕಲ್ಲನ್ನು ಹೊರತೆಗೆದು ಒಣಗಿಸಿ, ಅದರ ಮೇಲೆ ನಾಲ್ಕು ಹನಿ ಲಿಂಬೆರಸ ಅಥವಾ ವಿನೆಗರ್ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣ. ಅಂಥ ಕಲ್ಲು ನೀರನ್ನು ಗಡಸು ಮಾಡುತ್ತಲೇ ಹೋಗುತ್ತದೆ. ನಮ್ಮ ಊರಿನ ಕೆಂಪು ಗ್ರಾನೈಟ್ ಹಾಕಿ ನೋಡಿ, ನೀರಿಗೆ ಏನನ್ನೂ ಬಿಡುವುದಿಲ್ಲ. ಹಸಿರು ಎಲೆಯ ನಡುವೆ ಆ ಕೆಂಪು ಎಷ್ಟು ಚಂದ ಕಾಣುತ್ತದೆ ಎಂದರೆ, ಇಳಕಲ್ ಸೀರೆಯ ಸೆರಗಿನ ಹಾಗೆ.

ಕೃಷ್ಣೆಯ ಹಿನ್ನೀರು (ಬಾಗಲಕೋಟೆ)

ಅದಕ್ಕೇ ನಮ್ಮ ಕಡೆ ಪಾಚಿ ಹೆಚ್ಚು. ಗಡಸು ನೀರು, ಪಾಚಿಗೆ ಅದೇ ಗೊಬ್ಬರ. ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

ರಸಾಯನ ಮೇಷ್ಟ್ರು (ಜಮಖಂಡಿ)

ಇಲ್ಲಿ ಎರಡು ಮಾತು ಕಲಸಿಹೋಗಿವೆ, ಬಿಡಿಸಿ ಹೇಳುತ್ತೇನೆ. ಗಡಸುತನ ಎಂದರೆ ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದು ತಾನಾಗಿಯೇ ಪಾಚಿಗೆ ಗೊಬ್ಬರವಲ್ಲ. ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲಿಯೇ ಸೊಗಸಾಗಿ ಬೆಳೆಯುತ್ತದೆ, ನೀರಿನಲ್ಲಿರುವ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ತೆಗೆದುಕೊಳ್ಳುವ ಶಕ್ತಿ ಅದಕ್ಕಿದೆ. ಮೋಲಿ, ಗಪ್ಪಿಗಳಿಗೂ ಗಡಸು ನೀರು ಹಿತ. ಕಲ್ಲನ್ನು ಬೇಕಿದ್ದರೆ ತೆಗೆಯಲಿ, ಆದರೆ ಪಾಚಿ ಬಂದದ್ದು ಕಲ್ಲಿನಿಂದ ಎಂದು ನಾನು ಒಪ್ಪಲಾರೆ.

ನನಗೆ ಆತಂಕವಾಗಿರುವುದು ಇಂಗಿದ ನೀರನ್ನು ಬೋರ್ ನೀರಿನಿಂದ ತುಂಬಿಸುವ ರೀತಿ. ಲೆಕ್ಕ ಮಾಡೋಣ. ವಾರಕ್ಕೆ ಎರಡು ಇಂಚು ಇಂಗಿದರೆ ಆ ಟ್ಯಾಂಕಿನಲ್ಲಿ ಸುಮಾರು 14 ಲೀಟರ್. ಆವಿಯಾಗಿ ಹೋಗುವುದು ಬರಿಯ ನೀರು, ಲವಣ ಒಳಗೇ ಉಳಿಯುತ್ತದೆ. ಮೇಲಿನಿಂದ 1100 ಟಿಡಿಎಸ್‌ನ 14 ಲೀಟರ್ ಸುರಿದರೆ ವಾರಕ್ಕೆ 15 ಗ್ರಾಂ ಲವಣ ಹೊಸದಾಗಿ ಸೇರುತ್ತದೆ. ಮರಳು ಬಿಟ್ಟು ಉಳಿಯುವ ನೂರು ಲೀಟರ್ ನೀರಿಗೆ ಅದು ಕಡಿಮೆಯಲ್ಲ. ಆ ಲವಣದಲ್ಲಿ ನೈಟ್ರೇಟ್ ಕೂಡ ಇರಬಹುದು, ಹೊಲಗಳ ನಡುವಿನ ಬೋರ್‌ವೆಲ್‌ಗಳಲ್ಲಿ ಅದು ಸಾಮಾನ್ಯ. ಇಂಗಿದ್ದನ್ನು ತುಂಬಿಸಲು ಆರ್‌ಒ ಯಂತ್ರದ ಶುದ್ಧ ನೀರು ಬಳಸಿ. ಯಂತ್ರ ಹೊರಚೆಲ್ಲುವ ನೀರನ್ನು ಮಾತ್ರ ಬಳಸಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಇಳಕಲ್ ಕೆಂಪು (ಇಳಕಲ್)

ಮೇಷ್ಟ್ರೇ, ಕಲ್ಲು ಕಾರಣವಲ್ಲದಿರಬಹುದು, ಆದರೆ ಗಡ್ಡ ಮೊದಲು ಹಿಡಿಯುವುದು ಕಲ್ಲನ್ನೇ. ನನ್ನ ಟ್ಯಾಂಕಿನಲ್ಲಿ ಹಾಗೆಯೇ ಆಗಿತ್ತು.

ರಸಾಯನ ಮೇಷ್ಟ್ರು (ಜಮಖಂಡಿ)

ಹಿಡಿಯುತ್ತದೆ. ನಿಮ್ಮ ಗ್ರಾನೈಟನ್ನೂ ಹಿಡಿಯುತ್ತದೆ. ಅಂಟಿಕೊಳ್ಳಲು ಒರಟು ಜಾಗ ಬೇಕು, ಅಷ್ಟೇ.

ದ್ರಾಕ್ಷಿ ಚಪ್ಪರ (ತಿಕೋಟಾ)

ಗೊಬ್ಬರದ ಮಾತು ಬಂದದ್ದರಿಂದ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಗಿಡದ ಟ್ಯಾಂಕ್ ಸಾಕುವವರು ದುಬಾರಿ ಬಾಟಲಿ ಕೊಳ್ಳುವ ಬದಲು ನಾವು ಹನಿ ನೀರಾವರಿಗೆ ಬಿಡುವ 13:0:45 ಮತ್ತು 0:52:34 ಬಳಸುವುದನ್ನು ಕಂಡಿದ್ದೇನೆ. ಮೊದಲನೆಯದು ಪೊಟ್ಯಾಸಿಯಂ ನೈಟ್ರೇಟ್, ಎರಡನೆಯದು ಮೋನೊ ಪೊಟ್ಯಾಸಿಯಂ ಫಾಸ್ಫೇಟ್. ಒಂದು ಕಿಲೋ ಚೀಲ ತಂದರೆ ಟ್ಯಾಂಕಿಗೆ ಹತ್ತು ವರ್ಷಕ್ಕೂ ಮುಗಿಯುವುದಿಲ್ಲ. ಆದರೆ 19:19:19 ಮಾತ್ರ ಹಾಕಬೇಡಿ. ಅದರ ಸಾರಜನಕದಲ್ಲಿ ಯೂರಿಯಾ ಮತ್ತು ಅಮೋನಿಯಾ ರೂಪದ್ದು ಹೆಚ್ಚು. ದ್ರಾಕ್ಷಿಬಳ್ಳಿಗೆ ಒಳ್ಳೆಯದು, ಮೀನಿಗೆ ಕೇಡು.

ಕೃಷ್ಣೆಯ ಹಿನ್ನೀರು (ಬಾಗಲಕೋಟೆ)

ಪಾಚಿ ಬಂದಿರುವ ಟ್ಯಾಂಕಿಗೆ ಮೇಲಿಂದ ಗೊಬ್ಬರವೇ? ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುವುದಿಲ್ಲವೇ?

ರಸಾಯನ ಮೇಷ್ಟ್ರು (ಜಮಖಂಡಿ)

ದ್ರಾಕ್ಷಿಯವರು ಹೇಳಿದ್ದು ಸರಿ, ನಿಮ್ಮ ಶಂಕೆಯೂ ಸರಿ. ಅಳೆಯದೆ ಹಾಕಿದರೆ ತುಪ್ಪವೇ. ಒಂದು ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ 100 ಲೀಟರಿಗೆ ಹಾಕಿದರೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ನೈಟ್ರೇಟ್ ಏರುತ್ತದೆ. ನೀರಿನಲ್ಲಿ ಈಗಾಗಲೇ 20 ಇದ್ದರೆ ಅದರ ಗೊಡವೆಯೇ ಬೇಡ. ತಂಗೀ, ನೈಟ್ರೇಟ್ ಪರೀಕ್ಷೆಯ ಕಿಟ್ ತಂದು ಟ್ಯಾಂಕಿನ ನೀರನ್ನೂ ಬೋರ್ ನೀರನ್ನೂ ಬೇರೆ ಬೇರೆಯಾಗಿ ನೋಡಿ.

ಬಾದಾಮಿ ಬಂಡೆ (ಬಾದಾಮಿ)

ವಿಷಯ ಸ್ವಲ್ಪ ಬೇರೆ. ನಮ್ಮ ಅಗಸ್ತ್ಯ ತೀರ್ಥದ ನೀರು ಹಸಿರಾಗಿರುವುದನ್ನು ನೋಡಿದ್ದೀರಲ್ಲ? ಭೂತನಾಥ ಗುಡಿಯ ಮೆಟ್ಟಿಲ ಮೇಲೆ ನಿಂತು ನೋಡಿದರೆ ಬಂಡೆಯ ಕೆಂಪು, ನೀರಿನ ಹಸಿರು. ಪ್ರವಾಸಿಗರು ಫೋಟೋ ತೆಗೆದದ್ದೇ ತೆಗೆದದ್ದು. ಟ್ಯಾಂಕಿನಲ್ಲಿ ಆದರೆ ಮಾತ್ರ ನಾವು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ?

ಖಾನಾಪುರ ಮಳೆ (ಖಾನಾಪುರ)

ಕೆರೆಗೆ ಮಳೆ ಬರುತ್ತದೆ, ಕೋಡಿ ಹರಿಯುತ್ತದೆ. ಟ್ಯಾಂಕಿಗೆ ಮಳೆಯೂ ಕೋಡಿಯೂ ನಾವೇ. ಅಂದ ಹಾಗೆ ಜೂನ್ ಬರಲಿ, ನಮ್ಮ ಹಂಚಿನಿಂದ ಇಳಿಯುವ ಮಳೆನೀರಿನ ಟಿಡಿಎಸ್ ನೋಡಿದರೆ ವಿಜಯಪುರದವರು ಕ್ಯಾನ್ ಹಿಡಿದು ಬರುತ್ತೀರಿ. ಮೊದಲ ಎರಡು ಮಳೆಯ ನೀರು ಬಿಟ್ಟು ಹಿಡಿಯಬೇಕು, ಹಂಚಿನ ದೂಳೆಲ್ಲ ಅದರಲ್ಲಿರುತ್ತದೆ.

ಬಾದಾಮಿ ಬಂಡೆ (ಬಾದಾಮಿ)

ಇನ್ನೊಂದು ಮಾತು. ನಮ್ಮ ಅಜ್ಜಿ ಇದನ್ನು ಪಾಚಿ ಎನ್ನುತ್ತಿರಲಿಲ್ಲ, ಹಾವಸೆ ಎನ್ನುತ್ತಿದ್ದರು. ಬಾವಿಯ ಮೆಟ್ಟಿಲಿಗೆ ಹಾವಸೆ ಕಟ್ಟಿದೆ, ಜಾರೀತು ಎಂದು. ಈಗ ಆ ಮಾತು ಯಾರ ಬಾಯಲ್ಲೂ ಇಲ್ಲ.

ರಸಾಯನ ಮೇಷ್ಟ್ರು (ಜಮಖಂಡಿ)

ಒಳ್ಳೆಯ ಪದ, ಉಳಿಸಿಕೊಳ್ಳಬೇಕು. ಪಠ್ಯಪುಸ್ತಕದಲ್ಲಿ ಶೈವಲ ಎನ್ನುತ್ತಾರೆ. ಪಾಚಿ ಎಂದರೆ ಗೋಡೆಯ ಮೇಲಿನ ಮಾಸ್ ಕೂಡ ಆಗುತ್ತದೆ. ಟ್ಯಾಂಕಿನ ಜಾವಾ ಮಾಸ್ ಗಿಡವನ್ನು ಪಾಚಿ ಎಂದು ತಿಳಿದು ಕಿತ್ತು ಎಸೆದವರನ್ನು ನಾನು ಬಲ್ಲೆ.

ಟಿಳಕವಾಡಿ ಮನೆ (ಬೆಳಗಾವಿ)

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ನೀರು, ಬೆಳಕು, ಕಲ್ಲು ಎಂದು ಹೇಳಿದಿರಿ, ಅತ್ತೆಯವರನ್ನು ಮರೆತಿರಿ. ಗುಮ್ಮಟದೂರಿನ ಅಕ್ಕಾ, ತಪ್ಪು ತಿಳಿಯಬೇಡಿ, ಒಂದು ಕೇಳುತ್ತೇನೆ. ನೀವು ಕೆಲಸಕ್ಕೆ ಹೋದಾಗ ಅವರು ಮೀನಿಗೆ ಏನಾದರೂ ಹಾಕುತ್ತಾರೆಯೇ? ನಮ್ಮ ತಂದೆಯವರು ಕಡೆಯ ಎರಡು ವರ್ಷ ಹೀಗೆಯೇ ಟ್ಯಾಂಕಿನ ಮುಂದೆ ಕೂರುತ್ತಿದ್ದರು. ನಾನು ಅಳೆದು ಹಾಕುತ್ತಿದ್ದೆ. ಅವರು ನಾನಿಲ್ಲದಾಗ ಚುರುಮುರಿ ಹಾಕುತ್ತಿದ್ದರು. ಅದು ಗೊತ್ತಾಗಲು ನನಗೆ ಏಳು ತಿಂಗಳು ಬೇಕಾಯಿತು.

ಗುಮ್ಮಟದೂರಿನವಳು (ವಿಜಯಪುರ)

ಟಿಳಕವಾಡಿ ಅಕ್ಕಾ, ನಿಮ್ಮ ಮಾತು ಓದಿ ಇಂದು ಬೆಳಿಗ್ಗೆ ಹಿಂದಿನ ದೊಡ್ಡ ಕಲ್ಲನ್ನು ಎತ್ತಿದೆ. ಕೆಳಗೆ ಬಿಳಿ ಬೂಸಿನ ಮುದ್ದೆ ಇತ್ತು, ಬೆರಳಿನಿಂದ ಮುಟ್ಟಿದರೆ ಕರಗಿ ಹೊಗೆಯಂತೆ ಎದ್ದಿತು. ನಡುವೆ ಇನ್ನೂ ಕರಗದ ಎರಡು ಚೂರು. ಕೈಯಲ್ಲಿ ಹಿಡಿದು ನೋಡಿದೆ: ಜೋಳದ ರೊಟ್ಟಿ. ಅಂಚಿನ ಸುಟ್ಟ ಕಲೆಯೂ ಕಾಣುತ್ತಿತ್ತು.

ಅತ್ತೆಯವರನ್ನು ಕೇಳಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮೀನುಗಳೆಲ್ಲ ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತವಂತೆ. ಅವುಗಳ ಎದುರಿಗೆ ತಾನೊಬ್ಬಳೇ ಹೇಗೆ ಉಣ್ಣಲಿ ಎಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರಿಗೆ ಅದನ್ನು ಬೇಡವೆನ್ನುವುದು ಹೇಗೆ?

ಕಿಟ್ ಬಂತು. ಬೋರ್ ನೀರಿನಲ್ಲಿ ನೈಟ್ರೇಟ್ ಬಣ್ಣ 40 ಮತ್ತು 50ರ ನಡುವೆ ಇದೆ, ಟ್ಯಾಂಕಿನಲ್ಲಿ 100 ದಾಟಿದೆ.

ರಸಾಯನ ಮೇಷ್ಟ್ರು (ಜಮಖಂಡಿ)

ತಂಗೀ, ಟ್ಯಾಂಕಿನ ಮಾತಿಗಿಂತ ಮೊದಲು ಇದನ್ನು ಕೇಳಿ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಿಮ್ಮ ಬೋರ್ ಆ ಅಂಚಿನಲ್ಲಿದೆ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಹಸುಗೂಸು ಇದ್ದರೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಬಾರದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಟ್ಯಾಂಕಿಗೆ 13:0:45ರ ಅವಶ್ಯಕತೆ ಇಲ್ಲವೆಂದು ಈಗ ಖಚಿತವಾಯಿತು. ನೀರು ಬದಲಿಸುವಾಗಲೂ ಅರ್ಧ ಬೋರ್, ಅರ್ಧ ಆರ್‌ಒ ನೀರು ಬೆರೆಸಿ. ಒಂದೇ ದಿನ ಪೂರ್ತಿ ಬದಲಿಸಬೇಡಿ, ಮೀನುಗಳು ಹಳೆಯ ನೀರಿಗೆ ಒಗ್ಗಿವೆ.

ಟಿಳಕವಾಡಿ ಮನೆ (ಬೆಳಗಾವಿ)

ಬೇಡವೆನ್ನಬೇಡಿ ಅಕ್ಕಾ. ಉಣಿಸುವ ಕೆಲಸ ಪೂರ್ತಿ ಅವರಿಗೇ ಕೊಟ್ಟುಬಿಡಿ. ಕುಂಕುಮದ ಭರಣಿಯಷ್ಟು ಚಿಕ್ಕ ಡಬ್ಬಿಯಲ್ಲಿ ದಿನದ ಪಾಲನ್ನು ಬೆಳಿಗ್ಗೆಯೇ ಅಳೆದಿಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಅವರೇ ಹಾಕಲಿ. ನೀವು ಬೆಳಿಗ್ಗೆ ಸಂಜೆ ಹಾಕುವುದನ್ನು ನಿಲ್ಲಿಸಿ. ಮೀನಿಗೆ ದಿನಕ್ಕೆ ಒಂದು ಹೊತ್ತು ಸಾಕು. ತಂದೆಯವರಿಗೆ ಇದನ್ನು ಮಾಡಿಕೊಡಲು ನನಗೆ ಸಮಯಕ್ಕೆ ಹೊಳೆಯಲಿಲ್ಲ.

ದೀಪಕ್ಕೂ ಹಾಗೆಯೇ. ಆರು ಗಂಟೆಯನ್ನು ಅವರು ಕೂರುವ ಹೊತ್ತಿಗೆ ಹೊಂದಿಸಿ. ಬೆಳಿಗ್ಗೆ ಹತ್ತರಿಂದ ಒಂದು, ಸಂಜೆ ಐದರಿಂದ ಎಂಟು.

ಕೃಷ್ಣೆಯ ಹಿನ್ನೀರು (ಬಾಗಲಕೋಟೆ)

ಟೈಮರ್ ಕೊಳ್ಳುವುದಾದರೆ ಒಂದು ಎಚ್ಚರಿಕೆ. ಹಲ್ಲುಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ಒಂದು ವಾರಕ್ಕೆ ಹದಿನಾಲ್ಕು ಗಂಟೆ ಹಿಂದೆ ಬೀಳುತ್ತದೆ. ನನ್ನ ಟ್ಯಾಂಕಿನ ದೀಪ ನಡುರಾತ್ರಿ ಉರಿಯುತ್ತಿದ್ದದ್ದು ನೀರು ಕುಡಿಯಲು ಎದ್ದಾಗ ಕಂಡಿತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ.

ಕಪ್ಪು ಗಡ್ಡಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ನಾನು ಮಾಡಿ ನೋಡಿದ್ದೇನೆ. ಔಷಧದ ಅಂಗಡಿಯಲ್ಲಿ ಸಿಗುತ್ತದೆ.

ಮಾರ್ಕಂಡೇಯ ತೀರ (ಬೆಳಗಾವಿ)

ಮಾಡಬಹುದು, ಆದರೆ ಟ್ಯಾಂಕಿನ ಹೊರಗೆ ಮಾಡುವುದು ಮೇಲು. ನಮ್ಮ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡ 6ರದು. ಹೊರನಾಡಿನವರು ಹೇಳುವ ಅಳತೆಗಳೆಲ್ಲ ಶೇಕಡ 3ರದಕ್ಕೆ. ಚೀಟಿ ನೋಡದೆ ಅದೇ ಅಳತೆ ಹಾಕಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಸಮ ಪ್ರಮಾಣದ ನೀರು ಬೆರೆಸಿಕೊಳ್ಳಿ. ಆನುಬಿಯಾಸ್ ಕಲ್ಲಿಗೋ ಕಟ್ಟಿಗೆಗೋ ಕಟ್ಟಿರುವ ಗಿಡ, ಹೊರತೆಗೆಯುವುದು ಸುಲಭ. ಗಡ್ಡ ಇರುವ ಕಡೆ ಚಿತ್ರ ಬರೆಯುವ ಕುಂಚದಿಂದ ಸವರಿ, ಎರಡು ಮೂರು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಮರಳಿ ಇಡಿ. ಮೂರ್ನಾಲ್ಕು ದಿನಕ್ಕೆ ಗುಲಾಬಿಯಾಗುತ್ತದೆ, ಆಮೇಲೆ ಬಿಳಿಚಿಕೊಂಡು ಉದುರುತ್ತದೆ. ವ್ಯಾಲಿಸ್ನೇರಿಯಾಕ್ಕೆ ಮಾತ್ರ ಇಂಥದ್ದನ್ನೆಲ್ಲ ತಾಗಿಸಬೇಡಿ, ಅದರ ಎಲೆ ನಾಜೂಕು. ಬಾಟಲಿಯಲ್ಲಿ ದ್ರವ ಇಂಗಾಲವೆಂದು ಮಾರುವ ಗ್ಲುಟರಾಲ್ಡಿಹೈಡ್ ಹಾಕಿದರೂ ಆ ಗಿಡ ಕರಗಿಹೋಗುತ್ತದೆ.

ಘಟಪ್ರಭಾ ಹುಡುಗ (ಗೋಕಾಕ)

ಪಾಚಿ ತಿನ್ನುವ ಮೀನು ಬಿಟ್ಟರೆ ಇದೆಲ್ಲ ಬೇಕೇ? ಅಂಗಡಿಯಲ್ಲಿ ಸಕ್ಕರ್ ಮೀನು ಅಗ್ಗಕ್ಕೇ ಸಿಗುತ್ತದೆ.

ಮಾರ್ಕಂಡೇಯ ತೀರ (ಬೆಳಗಾವಿ)

ಬೆರಳುದ್ದ ಇರುವಾಗ ಮಾರುತ್ತಾರೆ, ಒಂದು ಅಡಿ ಮೀರಿ ಬೆಳೆಯುತ್ತದೆ. ದೊಡ್ಡದಾದಷ್ಟು ಪಾಚಿ ತಿನ್ನುವುದು ಕಡಿಮೆ, ಹೊಲಸು ಮಾಡುವುದು ಹೆಚ್ಚು. ಆಮೇಲೆ ಸಾಕಲಾರದೆ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಈಗ ಬೇರೂರಿದೆ, ಮೀನುಗಾರರ ಬಲೆಯನ್ನು ಹರಿಯುತ್ತದೆ. ಭೂತನಾಳ ಕೆರೆಗಾಗಲಿ ಆಲಮಟ್ಟಿ ಹಿನ್ನೀರಿಗಾಗಲಿ ಯಾರೂ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಪ್ಪು ಗಡ್ಡ ತಿನ್ನುವುದು ಸಯಾಮಿ ಆಲ್ಗೀ ಈಟರ್. ಮೂಗಿನಿಂದ ಬಾಲದ ತುದಿಯವರೆಗೂ ಅದರ ಕಪ್ಪು ಗೆರೆ ಓಡುತ್ತದೆ. ಅದರ ಹೆಸರಿನಲ್ಲಿ ಚೀನೀ ಆಲ್ಗೀ ಈಟರ್ ಕೊಟ್ಟುಬಿಡುತ್ತಾರೆ, ಅದು ದೊಡ್ಡದಾದ ಮೇಲೆ ಬೇರೆ ಮೀನುಗಳ ಮೈಗೆ ಕಚ್ಚಿಕೊಳ್ಳುತ್ತದೆ. ಜಪಾನಿನ ತಕಾಶಿ ಅಮಾನೊ ಅವರು ಪಾಚಿ ತಿನ್ನಲೆಂದು ಬಳಕೆಗೆ ತಂದ ಸಿಗಡಿಗೆ ಅವರದೇ ಹೆಸರು ಬಂದಿದೆ, ಆದರೆ ವಿಜಯಪುರದ ಸೆಕೆಗೆ ಅದು ಬಾಳುವುದು ಕಷ್ಟ. ಮೋಲಿಗಳೇ ಕೂದಲು ಪಾಚಿಯನ್ನು ಕಿತ್ತು ತಿನ್ನುತ್ತವೆ, ಹೊಟ್ಟೆ ತುಂಬ ರೊಟ್ಟಿ ಸಿಗದಿದ್ದರೆ.

ಗುಮ್ಮಟದೂರಿನವಳು (ವಿಜಯಪುರ)

ಏಳು ವಾರವಾಯಿತು. ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು.

ದೀಪ ಆರು ಗಂಟೆ, ಯೀಸ್ಟ್ ಬಾಟಲಿ ತೆಗೆದಿದ್ದೇನೆ. ಮೇ ಕಡೆಯಲ್ಲಿ ನೀರು 34 ಡಿಗ್ರಿಗೆ ಹೋಗಿತ್ತು. ಮುಚ್ಚಳ ತೆಗೆದು ಚಿಕ್ಕ ಫ್ಯಾನ್ ಗಾಳಿ ನೀರಿನ ಮೇಲೆ ಬೀಳುವಂತೆ ಇಟ್ಟ ಮೇಲೆ 31ಕ್ಕೆ ಇಳಿಯಿತು. ನೀರು ಇನ್ನಷ್ಟು ಬೇಗ ಇಂಗಿತು, ಮೇಷ್ಟ್ರು ಹೇಳಿದಂತೆ ಆರ್‌ಒ ನೀರಿನಿಂದಲೇ ತುಂಬಿಸಿದೆ. ನೈಟ್ರೇಟ್ ಈಗ 30ರ ಹತ್ತಿರ. ಮೂರನೆಯ ವಾರದವರೆಗೆ ಏನೂ ಬದಲಾಗಲಿಲ್ಲ, ನಿಜ ಹೇಳಬೇಕೆಂದರೆ ಅಳು ಬಂದಿತ್ತು. ನಾಲ್ಕನೆಯ ವಾರ ಕೂದಲು ಬ್ರಷ್‌ಗೆ ಸುತ್ತಿಕೊಳ್ಳದೆ ತುಂಡಾಗಲು ಹತ್ತಿತು. ಈಗ ವಾರಕ್ಕೆ ಒಂದು ಚಿಟಿಕೆಯಷ್ಟು ಸಿಗುತ್ತದೆ. ಗಡ್ಡ ಮಾರ್ಕಂಡೇಯ ಸರ್ ಹೇಳಿದಂತೆಯೇ ಗುಲಾಬಿಯಾಯಿತು. ಗುಲಾಬಿಯಾದ ಕುಚ್ಚನ್ನು ಮೋಲಿಗಳು ಬಂದು ಕಿತ್ತು ತಿಂದವು, ಅತ್ತೆಯವರು ನನ್ನನ್ನು ಅಡುಗೆಮನೆಯಿಂದ ಕೂಗಿ ತೋರಿಸಿದರು.

ಡಬ್ಬಿ ಅವರ ಕೈಗೆ ಕೊಟ್ಟಿದ್ದೇನೆ. ಮೊದಲ ದಿನ ಇಷ್ಟೇನಾ ಎಂದರು. ಈಗ ಒಂದೊಂದೇ ಕಾಳು ಬಿಡುತ್ತ ಅರ್ಧ ಗಂಟೆ ಉಣಿಸುತ್ತಾರೆ. ಕಲ್ಲಿನ ಕೆಳಗೆ ವಾರಕ್ಕೊಮ್ಮೆ ನೋಡುತ್ತೇನೆ, ರೊಟ್ಟಿ ಇಲ್ಲ.

ಉಳಿದದ್ದು ಒಂದೇ. ಗಾಜಿನ ಮೇಲೆ ಮತ್ತು ಆನುಬಿಯಾಸ್ ಹಳೆಯ ಎಲೆಗಳ ಮೇಲೆ ಸಾಸಿವೆ ಗಾತ್ರದ ಹಸಿರು ಚುಕ್ಕೆಗಳು ಬಂದಿವೆ. ಒರೆಸಿದರೆ ಹೋಗುವುದಿಲ್ಲ.

ರಸಾಯನ ಮೇಷ್ಟ್ರು (ಜಮಖಂಡಿ)

ಅದು ಹಸಿರು ಚುಕ್ಕೆ ಪಾಚಿ. ಗಾಜನ್ನು ಹಳೆಯ ಬ್ಲೇಡಿನಿಂದ ಓರೆಯಾಗಿ ಕೆರೆಯಿರಿ, ಮೂಲೆಯ ಸಿಲಿಕಾನ್ ಅಂಟಿಗೆ ಬ್ಲೇಡು ತಾಗದಿರಲಿ. ಆರ್‌ಒ ನೀರು ಬೆರೆಸಿ, ಉಣಿಸುವುದನ್ನು ಕಡಿಮೆ ಮಾಡಿದ್ದರಿಂದ ಫಾಸ್ಫೇಟ್ ತೀರ ಇಳಿದಿರಬಹುದು. ಅದು ಇಳಿದಾಗಲೇ ಈ ಚುಕ್ಕೆ ಹೆಚ್ಚು ಕಾಣುತ್ತದೆ. ಕಿಟ್‌ನಿಂದ ನೋಡಿ. ಸೊನ್ನೆ ತೋರಿಸಿದರೆ ದ್ರಾಕ್ಷಿಯವರು ಹೇಳಿದ 0:52:34ಅನ್ನು 10 ಗ್ರಾಂ ತೂಗಿ ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿಡಿ. ಅದರಿಂದ 10 ಮಿಲಿಲೀಟರ್ ಹಾಕಿದರೆ ನಿಮ್ಮ ಟ್ಯಾಂಕಿನಲ್ಲಿ ಫಾಸ್ಫೇಟ್ ಲೀಟರಿಗೆ ಸುಮಾರು 0.7 ಮಿಲಿಗ್ರಾಂ ಏರುತ್ತದೆ. ವಾರಕ್ಕೊಮ್ಮೆ ಅಷ್ಟೇ, ಹೆಚ್ಚು ಬೇಡ.

ದ್ರಾಕ್ಷಿ ಚಪ್ಪರ (ತಿಕೋಟಾ)

ತಾಯೀ, ಹತ್ತು ಗ್ರಾಂಗೆ ಚೀಲ ಕೊಳ್ಳಬೇಡಿ. ನಮ್ಮಲ್ಲಿ ಒಡೆದ ಚೀಲ ಇದೆ. ಭಾನುವಾರ ವಿಜಯಪುರಕ್ಕೆ ಬರುವವನಿದ್ದೇನೆ, ಒಂದು ಪೊಟ್ಟಣ ತಂದುಕೊಡುತ್ತೇನೆ. ಬದಲಿಗೆ ಗಪ್ಪಿ ಮರಿಗಳಿದ್ದರೆ ಒಂದು ಹತ್ತು ಕೊಡಿ. ಮನೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಸೊಳ್ಳೆ ಹುಳುಗಳು ತುಂಬಿವೆ. ಆ ತೊಟ್ಟಿಗೆ ಇನ್ನು ಮೈಲುತುತ್ತ ಹಾಕುವುದಿಲ್ಲ.

ಗುಮ್ಮಟದೂರಿನವಳು (ವಿಜಯಪುರ)

ಹತ್ತಲ್ಲ, ನಲವತ್ತು ಇವೆ. ಅತ್ತೆಯವರು ಆರಿಸಿಕೊಡುತ್ತಾರಂತೆ, ಬಾಲಕ್ಕೆ ಕಿತ್ತಳೆ ಬಣ್ಣ ಇರುವವನ್ನು ಮಾತ್ರ ಕೊಡುವುದಿಲ್ಲವಂತೆ. ಮುಚ್ಚಳ ಇರುವ ಡಬ್ಬಿ ತನ್ನಿ, ಮತ್ತು ಬಿಸಿಲು ಏರುವ ಮುಂಚೆ ಬನ್ನಿ.